ಮೂವತ್ತೆರಡು ಚುಕ್ಕಿ

ಸುಂಕಲಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಗೋಡೆಗೆ ಒರಗಿಸಿ ಕೂಡಿಸಿದ್ದ ಹಿರಿಯ ಮಗ ಪಕ್ಕೀರಪ್ಪನ ಹೆಣದ ಪಂಚೆಯ ಅಂಚನ್ನು ಮುದುಕಿ ಎಡಗೈಯಲ್ಲಿ ಹಿಡಿದಿದ್ದಳು. ಒಂದು ಬೆರಳು ಬಿಡಿಸಿದರೆ ಇನ್ನೊಂದು ಬಿಗಿಯಾಗುತ್ತಿತ್ತು. ಲಕ್ವ ಹೊಡೆದ ಬಲಗೈ ಮೂರು ವರ್ಷದಿಂದ ಹೇಗಿತ್ತೋ ಹಾಗೆಯೇ ಮಡಿಲಲ್ಲಿ ಬಿದ್ದಿತ್ತು.

"ಬಿಡಬೇ ಯವ್ವಾ," ಎಂದ ಕಿರಿಯ ಮಗ ಜಡೆಪ್ಪ. "ಅಣ್ಣಗ ಮೈ ತೊಳೀಬೇಕು. ಹೊತ್ತಾಗತೈತಿ."

"ಅಂಗಿ," ಎಂದಳು ಸುಂಕಲಮ್ಮ.

"ಅಂಗಿ ಕೇಳಾಕತ್ತಾಳ ನೋಡ್ರಿ," ಎಂದಳು ಪಕ್ಕದ ಮನೆಯ ದುರ್ಗಕ್ಕ. "ಮಗಗ ಹೊಸ ಅಂಗಿ ಹಾಕ್ರಿ ಅಂತಾಳ. ಹೆತ್ತ ಕರುಳು."

ಜಡೆಪ್ಪ ಕಮಲಾಪುರಕ್ಕೆ ಮೋಟರ್ ಸೈಕಲ್ ಕಳಿಸಿದ. ಅರ್ಧ ಗಂಟೆಯಲ್ಲಿ ಬಿಳಿ ಅಂಗಿ ಬಂತು. ಗುಂಡುಪಿನ್ನು ಕಿತ್ತು ಮಡಿಕೆ ಬಿಡಿಸಿ ಅವ್ವನ ಮುಂದೆ ಹಿಡಿದ. ಸುಂಕಲಮ್ಮ ಅದನ್ನು ನೋಡಿದಳು, ಆಮೇಲೆ ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

"ಅಂಗಿ. ತಂಪಿ. ತಂಪಿ."

"ತಂಪಗಿಂದು ಏನರ ಕೊಡ್ರಿ." ಯಾರೋ ಮಜ್ಜಿಗೆ ತಂದರು. ಇನ್ನೊಬ್ಬರು ರಟ್ಟಿನಿಂದ ಗಾಳಿ ಬೀಸಿದರು. ಮಜ್ಜಿಗೆ ಅವಳ ಗದ್ದದಿಂದ ಇಳಿದು ಸೆರಗು ನೆನೆಯಿತು.

"ಬಾಗ್ಲಾ," ಎಂದಳು. ಆಮೇಲೆ ತಲೆ ಎತ್ತಿ, ಜಡೆಪ್ಪನನ್ನೇ ನೋಡುತ್ತ, "ಆತಬ್ಯಾಡ" ಎಂದಳು.

ನೆರೆದ ಹೆಂಗಸರ ನಡುವಿನಿಂದ ಒಂದು ದನಿ ಪಿಸುಗುಟ್ಟಿತು: "ಆತ ಬ್ಯಾಡ ಅಂತಾಳಲ್ಲ."

ಯಾರು ಬೇಡ ಎಂದು ಯಾರೂ ಕೇಳಲಿಲ್ಲ. ಉಳಿದಿದ್ದವನು ಒಬ್ಬನೇ ಮಗ. ಜಡೆಪ್ಪ ಅಂಗಿಯನ್ನು ಮಡಿಚಲು ನೋಡಿದ, ಮಡಿಕೆ ಸರಿಯಾಗಿ ಕೂಡಲಿಲ್ಲ. ಅದನ್ನು ಹಾಗೆಯೇ ಗೂಟಕ್ಕೆ ಹಾಕಿ ಹೊರಗೆ ಹೋದ. "ಮೂರಕ್ಕ ಮಣ್ಣು," ಎಂದ ಹಲಗಿ ಬಡಿಯುವವರಿಗೆ. "ಅದರಾಗ ಹಿಂದುಮುಂದು ಇಲ್ಲ."

ಮಂಗಳವಾರ ಮಧ್ಯಾಹ್ನ ಪಕ್ಕೀರಪ್ಪ ಸಂಡೂರು ರಸ್ತೆಯ ಬದಿಯಲ್ಲಿ ಟೆಲಿಫೋನ್ ಕೇಬಲ್ಲಿನ ಗುಂಡಿಯೊಳಗೆ ಕೂತು ತಂತಿ ಜೋಡಿಸುತ್ತಿದ್ದ. ಮೇಲೆ ನಿಂತಿದ್ದ ಜೊತೆಗಾರ ದುರುಗೇಶ್ ಮಾತಾಡಿಸಿದಾಗ ಉತ್ತರ ಬರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಗುಂಡಿಯ ಗೋಡೆಗೆ ಒರಗಿದ್ದ. ಜೀಪಿಗೆ ಹಾಕಿಕೊಂಡು ಹೊರಟರೆ ಮುಂದೆ ಅದಿರು ಲಾರಿಗಳ ಸಾಲು, ಹಿಂದೆ ಅದಿರು ಲಾರಿಗಳ ಸಾಲು. ಹನ್ನೆರಡು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ಹೊಸಪೇಟೆ ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿ ನೋಡಿ, ಯಾವಾಗಲೋ ಹೋಗಿದ್ದಾರೆ ಎಂದರು. ಐವತ್ತಾರು ವರ್ಷ. ಕೆಂಪು ಧೂಳಿನಲ್ಲಿ ಹುಬ್ಬು, ಮೀಸೆ ಎಲ್ಲ ಒಂದೇ ಬಣ್ಣವಾಗಿದ್ದವು.

ಕ್ವಾರ್ಟರ್ಸಿನಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಹುಟ್ಟೂರು ಬುಕ್ಕಸಾಗರಕ್ಕೆ ತಂದಿದ್ದರು. ಅವನ ಹೆಂಡತಿ ನೀಲಗಂಗಮ್ಮ ಅತ್ತು ಅತ್ತು ದನಿ ಹೋಗಿ, ಕಂಬಕ್ಕೆ ಆತು ಕೂತಿದ್ದಳು.

"ಅವ್ವ, ಅಜ್ಜಿ ಏನೋ ಹೇಳಾಕತ್ತಾಳ," ಎಂದಳು ಮಗಳು ಪೂಜಿತಾ.

"ನಿಮ್ಮಪ್ಪ ಇದ್ದಿದ್ರ ಹೇಳ್ತಿದ್ರು. ಅತ್ತಿ ಮಾತು ಅವರೊಬ್ಬರಿಗೇ ತಿಳೀತಿತ್ತು." ನೀಲಗಂಗಮ್ಮ ಕಣ್ಣು ಮುಚ್ಚಿದಳು. "ಇನ್ನ ಯಾರಿಗೆ ತಿಳೀತೈತಿ, ಬಿಡು."

*

ಐದು ವರ್ಷದ ಹಿಂದೆ ಸಂಡೂರಿನ ಬ್ಯಾಂಕೊಂದರಿಂದ ಹೊಸಪೇಟೆಗೆ ಹೋಗುವ ತಂತಿ ದಿನಕ್ಕೆ ಹತ್ತು ಸಲ ಸಾಯುತ್ತಿತ್ತು. ಗಣಿಯ ಸಿಡಿಮದ್ದಿಗೆ ನೆಲ ಅದುರುತ್ತಿತ್ತು, ಲಾರಿಗಳ ಭಾರಕ್ಕೆ ರಸ್ತೆಯಡಿಯ ಜೋಡಣೆಗಳು ಸಡಿಲಾಗುತ್ತಿದ್ದವು. ಎರಡು ತುದಿಗೂ ಇದ್ದ ಮೋಡೆಮ್ ಪೆಟ್ಟಿಗೆಗಳು ಕಂಪ್ಯೂಟರಿನ ಮಾತನ್ನು ದನಿಯಾಗಿಸಿ ತಂತಿಗೆ ಬಿಡುತ್ತಿದ್ದವು. ಆ ದನಿ ಕರಕರ ಸದ್ದಿನಲ್ಲಿ ಕಲಸಿಹೋಗುತ್ತಿತ್ತು. ವೇಗ ಅರ್ಧಕ್ಕೆ ಇಳಿಸುವುದೊಂದೇ ದಾರಿ ಎಂದು ಮೇಲಿನ ಎಂಜಿನಿಯರ್ ಬರೆದುಕೊಟ್ಟರು.

ಪಕ್ಕೀರಪ್ಪ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಮೋಡೆಮ್ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಬಿಚ್ಚಿದವನು ಇಡೀ ಆಫೀಸಿನಲ್ಲಿ ಅವನೊಬ್ಬನೇ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಎರಡು ತಿಂಗಳು ಓದಿದ. ಟ್ರೆಲಿಸ್ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಹುಡುಕಿದರೆ ಅರ್ಥ: ಹಂದರ.

"ಹೀರೀಕಾಯಿ ಬಳ್ಳಿ ಹಬ್ಬೋ ಹಂದರ ಅಂತ ನೋಡ!" ಎಂದು ನಕ್ಕು, ಬಾಗಿಲ ಮುಂದೆ ರಂಗೋಲಿಗೆ ಕೂತಿದ್ದ ಪೂಜಿತಾಳ ಎದುರು ಕುಕ್ಕರುಗಾಲಲ್ಲಿ ಕೂತಿದ್ದ. ಅವಳಿಗಾಗ ಹದಿನಾಲ್ಕು.

"ನಾಕು ಸಾಲು ಇಡು. ಸಾಲಿಗೆ ನಾಕು ಚುಕ್ಕಿ. ಎಷ್ಟಾತು?"

"ಹದಿನಾರು."

"ಈಗ ನಮ್ಮ ಮೋಡೆಮ್ ಇಷ್ಟರಾಗ ಒಂದೊಂದ ಚುಕ್ಕಿ ಆರಿಸಿ ಆ ತುದಿಗೆ ಕಳಸ್ತೈತಿ. ಅಲ್ಲಿರೋನು ಯಾವ ಚುಕ್ಕಿ ಅಂತ ಗುರುತು ಹಿಡೀಬೇಕು." ಪಕ್ಕೀರಪ್ಪ ಬಾಗಿ ಉಫ್ ಎಂದು ಊದಿದ. ಪುಡಿ ಸರಿದು ಚುಕ್ಕಿಗಳು ಮಸುಕಾದವು. "ಹಿಂಗ ಗಾಳಿ ಬಂದ್ರ ಒಂದನ್ನ ಇನ್ನೊಂದು ಅನ್ಕೋತಾನ. ಅದಕ್ಕ ಏನು ಮಾಡಬೇಕು?"

"ದೂರ ದೂರ ಇಡಬೇಕು."

"ಜಾಗ ಎಲ್ಲೈತಿ? ತಂತಿ ಅದ, ಅಗಲ ಅಷ್ಟ." ಅವನು ನಡುನಡುವೆ ತಾನೇ ಚುಕ್ಕಿ ಇಡತೊಡಗಿದ. ದಪ್ಪ ಬೆರಳಿಗೆ ಪುಡಿ ಹಿಡಿಯುತ್ತಿರಲಿಲ್ಲ. "ತಗೋ, ಮೂವತ್ತೆರಡು."

"ಅಪ್ಪಾ, ಇನ್ನೂ ಹತ್ರ ಬಂದ್ವು! ಇನ್ನೂ ಜಾಸ್ತಿ ತಪ್ಪಾಗತಾವ."

"ನಮ್ಮ ಸಾಹೇಬ್ರೂ ಇದನ್ನ ಅಂದು ನಕ್ಕರು." ಅವನ ಮುಖ ಬೆಳಗಿತ್ತು. "ಆದ್ರ ಇಲ್ಲಿ ಒಂದು ಕಟ್ಟಳೆ ಐತಿ. ಈ ಚುಕ್ಕಿಯಿಂದ ಮುಂದ ಎಲ್ಲಾ ಚುಕ್ಕಿಗೂ ಹೋಗಂಗಿಲ್ಲ. ಕೆಲವಕ್ಕಷ್ಟ ದಾರಿ. ಅದಕ್ಕಂತ ಒಂದು ಹೆಚ್ಚಿನ ಗುರುತು ಸೇರಸ್ತಾರ. ಅದರಾಗ ಸುದ್ದಿ ಏನೂ ಇರಂಗಿಲ್ಲ. ಹಿಂದಿನ ಹೆಜ್ಜಿಗೂ ಮುಂದಿನ ಹೆಜ್ಜಿಗೂ ಗಂಟು ಹಾಕೋದು, ಅಷ್ಟ ಅದರ ಕೆಲಸ. ಕೇಳೋನು ಏನು ಮಾಡ್ತಾನ ಗೊತ್ತೇನು? ಒಂದ ಚುಕ್ಕಿ ಕೇಳಿ ತೀರ್ಪು ಕೊಡಂಗಿಲ್ಲ. ಇದೂ ಇರಬಹುದು, ಅದೂ ಇರಬಹುದು ಅಂತ ಎಲ್ಲಾ ಇಟ್ಕೊಂಡು ಕಾಯ್ತಾನ. ಇನ್ನ ನಾಕು ಬರ್ಲಿ ಅಂತಾನ. ಬಂದ ಮ್ಯಾಲೆ ಯಾವ ದಾರಿ ಕೂಡ್ತೈತಿ ನೋಡ್ತಾನ. ಕೂಡದ ದಾರಿ ತಾನ ಬಿದ್ದು ಹೋಗತೈತಿ."

ಮರುದಿನ ಅವನು ಸಂಡೂರಿಗೆ ಹೋಗಿ ಮೋಡೆಮನ್ನು ಹದಿನಾರರಿಂದ ಮೂವತ್ತೆರಡಕ್ಕೆ ಬದಲಿಸಿದ. ಹೊಸಪೇಟೆಯ ತುದಿಯಲ್ಲೂ ಬದಲಿಸಿದ. ಆ ಮಳೆಗಾಲ ಪೂರ್ತಿ ತಂತಿ ನಿಂತಿತು, ವೇಗವನ್ನೂ ಇಳಿಸಬೇಕಾಗಲಿಲ್ಲ. ವರದಿ ಎಂಜಿನಿಯರ್ ಹೆಸರಿನಲ್ಲಿ ಮೇಲಕ್ಕೆ ಹೋಯಿತು. ಪಕ್ಕೀರಪ್ಪ ಆ ಪುಸ್ತಕವನ್ನು ಝೆರಾಕ್ಸ್ ಮಾಡಿಸಿಕೊಳ್ಳಲು ಮಾತ್ರ ಅಪ್ಪಣೆ ಕೇಳಿದ.

*

ಪೂಜಿತಾ ಅಜ್ಜಿಯ ಬಳಿ ಹೋಗಿ ಕೂತಳು. ಬ್ಯಾಗಿನಲ್ಲಿ ಪಾಲಿಟೆಕ್ನಿಕ್ಕಿನ ನೋಟ್‌ಬುಕ್ಕಿತ್ತು. ಕೊನೆಯ ಹಾಳೆ ತೆಗೆದಳು.

"ಅಜ್ಜಿ, ಇನ್ನೊಂದ್ ಸಲ ಹೇಳು. ನಾ ನಡುವ ಬಾಯಿ ಹಾಕಂಗಿಲ್ಲ."

ಸುಂಕಲಮ್ಮ ಮೊಮ್ಮಗಳನ್ನು ದಿಟ್ಟಿಸಿದಳು. ಬೆಳಗಿನಿಂದ ಅವಳು ಒಂದು ಮಾತು ಆಡುವಷ್ಟರಲ್ಲಿ ನಾಲ್ಕು ಜನ ಓಡುತ್ತಿದ್ದರು. ಈಗ ಯಾರೂ ಓಡಲಿಲ್ಲ.

"ಅಂಗಿ. ತಂಪಿ. ಬಾಗ್ಲಾ. ಆತಬ್ಯಾಡ."

ಪೂಜಿತಾ ನಾಲ್ಕನ್ನೂ ಸಾಲಾಗಿ ಬರೆದಳು. ಒಂದೊಂದರ ಕೆಳಗೂ ಏನೇನಿರಬಹುದು ಎಂದು ಯೋಚಿಸಿದಳು. ರಜೆಗೆ ಬಂದಾಗ ಅಜ್ಜಿ ಕೋಳಿಗೆ 'ತೋಳಿ' ಎನ್ನುತ್ತಿದ್ದುದು ನೆನಪಾಯಿತು. ಕ ಅವಳ ನಾಲಿಗೆಗೆ ಬರುತ್ತಿರಲಿಲ್ಲ, ತ ಆಗುತ್ತಿತ್ತು. ಸೀರೆಗೆ 'ಈರಿ' ಎನ್ನುತ್ತಿದ್ದಳು. ಮೊದಲಿನ ಸ ಬಿದ್ದೇ ಹೋಗುತ್ತಿತ್ತು.

ಅಂಗಿ: ಅಂಗಿಯೇ ಇರಬಹುದು, ಸಂಗಿ ಇರಬಹುದು. ತಂಪಿ: ತಂಪು. ಇಲ್ಲವೇ ಕಂಪಿ, ಕಂಪ್ಲಿ ಊರು ಇರಬಹುದು. ಬಾಗ್ಲಾ ಬಾಗ್ಲಾನೇ. ಆತಬ್ಯಾಡ: ಆತ ಬ್ಯಾಡ. ಆಕಬ್ಯಾಡ. ಹಾಕಬ್ಯಾಡ.

ಅವಳು ಒಂದು ಮಾತಿನಿಂದ ಇನ್ನೊಂದಕ್ಕೆ ಗೆರೆ ಎಳೆದಳು. ಅಂಗಿಯಿಂದ ತಂಪಿಗೆ, ತಂಪಿನಿಂದ ಬಾಗಿಲಿಗೆ ಯಾವ ಗೆರೆಯೂ ಕೂಡಲಿಲ್ಲ. ಕೆಳಗಿನ ಸಾಲಿನಲ್ಲಿ ಕೂಡಿತು. ಸಂಗಿ. ಕಂಪ್ಲಿ. ಬಾಗ್ಲಾ ಹಾಕಬ್ಯಾಡ.

"ಅಜ್ಜಿ," ಪೂಜಿತಾ ಅವಳ ಕಿವಿಯ ಹತ್ತಿರ ಬಾಗಿದಳು. "ಸಂಗಿ ಕಂಪ್ಲಿಯಾಗ ಇದ್ದಾಳೇನು?"

ಸುಂಕಲಮ್ಮನ ಎಡಗೈ ಪಂಚೆಯ ಅಂಚನ್ನು ಬಿಟ್ಟಿತು. ಆ ಕೈಯಿಂದ ಅವಳು ಮೊಮ್ಮಗಳ ಮುಖವನ್ನು ಹಿಡಿದುಕೊಂಡಳು.

"ಯಾರು ಅಜ್ಜಿ ಸಂಗಿ ಅಂದ್ರ?"

ಉತ್ತರ ಕೊಟ್ಟವಳು ದುರ್ಗಕ್ಕ. ಮೊದಲು ಅಂಗಳದ ಕಡೆ ನೋಡಿ, ಜಡೆಪ್ಪ ದೂರ ಇದ್ದಾನೆ ಎಂದು ಖಾತ್ರಿ ಮಾಡಿಕೊಂಡಳು. "ನಿಮ್ಮಪ್ಪನ ತಂಗಿ ಸಂಗಮ್ಮ. ನಿನ್ನ ಸ್ವಾದರತ್ತಿ. ನೀ ಹುಟ್ಟೂಕಿಂತ ಮೊದಲ ಕಂಪ್ಲಿಯ ಸೈಕಲ್ ಅಂಗಡಿ ಮುರುಗೇಶನ ಕೂಡ ಹೋದಳು. ಬ್ಯಾರೆ ಜಾತಿ. ನಿಮ್ಮಜ್ಜ ಆಕಿ ಸತ್ತಳು ಅಂತ ಹೇಳಿ ತಿಥಿನೂ ಮಾಡಿದ. ಆತ ಸತ್ತಾಗ ಆಕಿ ಬಂದ್ರ ಜಡೆಪ್ಪ ಬಾಗ್ಲಾ ಹಾಕಿದ. ಈ ಮನ್ಯಾಗ ಆ ಹೆಸರು ಎತ್ತಂಗಿಲ್ಲವ್ವ."

*

ಎಂಟು ವರ್ಷದ ಹಿಂದೆ ಅಜ್ಜ ಸತ್ತಾಗ, ಪೂಜಿತಾಳನ್ನೂ ಬೇರೆ ಮಕ್ಕಳನ್ನೂ ಪಕ್ಕದ ಮನೆಗೆ ಕಳಿಸಿದ್ದ ಹೊತ್ತಿನಲ್ಲಿ, ಸಂಗಮ್ಮ ಬಂದಿದ್ದಳು. ಯಾರು ಹೇಳಿದರೋ, ಕಂಪ್ಲಿಯ ಬಸ್ಸಿಳಿದು ಓಡುತ್ತ ಬಂದಳು. ಅವಳು ಅಂಗಳ ದಾಟುವುದರೊಳಗೆ ಜಡೆಪ್ಪ ಬಾಗಿಲು ಹಾಕಿ ಒಳಗಿನಿಂದ ಅಗಳಿ ಜಡಿದ. ಸಾಯುವಾಗ ಅಪ್ಪ ಅವನ ಕೈ ಹಿಡಿದು ಮಾತು ತೆಗೆದುಕೊಂಡಿದ್ದ. ಹೊರಗೆ ಸಂಗಮ್ಮ ಬಾಗಿಲು ಬಡಿದಳು. ಒಳಗೆ ಸುಂಕಲಮ್ಮ ಎದ್ದು ನಿಂತಳು, ಹೆಂಗಸರು ಅವಳನ್ನು ಹಿಡಿದು ಕೂಡಿಸಿದರು.

ಪಕ್ಕೀರಪ್ಪ ಅಗಳಿಯಿಂದ ಎರಡು ಮಾರು ದೂರದಲ್ಲಿ, ಹೆಣದ ತಲೆದೆಸೆಗೆ ದೀಪ ಹಿಡಿದು ನಿಂತಿದ್ದ. ಹಿರಿಯ ಮಗ. ಅವನು ಹೋಗಿ ತೆಗೆದಿದ್ದರೆ ತಡೆಯುವವರಿರಲಿಲ್ಲ. ಬಾಗಿಲ ಬಡಿತ ನಿಲ್ಲುವವರೆಗೂ ಅವನು ದೀಪದ ಬತ್ತಿಯನ್ನೇ ನೋಡುತ್ತಿದ್ದ. ಆಮೇಲೆ ಹಿಂಬಾಗಿಲಿನಿಂದ ಹೆಣ ತೆಗೆದರು.

ಒಂದು ತಿಂಗಳ ಮೇಲೆ, ಒಂದು ಗುರುವಾರ, ಅವನು ಡ್ಯೂಟಿಯ ನೆಪದಲ್ಲಿ ಬುಕ್ಕಸಾಗರಕ್ಕೆ ಬಂದ. ಜಡೆಪ್ಪ ಅದಿರು ಲಾರಿಗಳ ಕೆಲಸದ ಮೇಲೆ ಸಂಡೂರಿನಲ್ಲಿದ್ದ, ಅವನ ಹೆಂಡತಿ ಗದ್ದೆಯಲ್ಲಿ. ಹಿತ್ತಲ ಕಂಬದ ಟೆಲಿಫೋನ್ ಡಬ್ಬಿ ತೆರೆದು, ಲೈನ್‌ಮನ್‌ಗಳು ಹೆಗಲಿಗೆ ನೇತುಹಾಕಿಕೊಳ್ಳುವ ಟೆಸ್ಟ್ ಫೋನನ್ನು ತಂತಿಗೆ ಕಚ್ಚಿಸಿ, ಒಂದು ನಂಬರ್ ಒತ್ತಿದ. ಆಮೇಲೆ ಅವ್ವನನ್ನು ಕರೆದು ರಿಸೀವರ್ ಅವಳ ಕಿವಿಗೆ ಹಿಡಿದ. ಸುಂಕಲಮ್ಮ ಎರಡೂ ಕೈಯಿಂದ ಅದನ್ನು ಅವುಚಿಕೊಂಡಳು. "ಉಂಡ್ಯಾ?" ಎಂದಳು ಕಡೆಗೆ.

ಅಂದಿನಿಂದ ಪ್ರತಿ ಗುರುವಾರ. ಲಕ್ವ ಹೊಡೆದ ಮೇಲೂ ಗುರುವಾರ ತಪ್ಪಲಿಲ್ಲ. ಆದರೆ ಫೋನಿನಲ್ಲಿ ಅವ್ವನ ಮಾತು ಸಂಗಮ್ಮನಿಗೆ ತಿಳಿಯದಾಯಿತು. ಪಕ್ಕೀರಪ್ಪ ಅವ್ವನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು, ಅವಳು ಆಡಿದ್ದನ್ನು ಪೂರ್ತಿ ಕೇಳಿ, ಆತುರಪಡದೆ, ಒಂದೊಂದೇ ಮಾತನ್ನು ನೆಟ್ಟಗೆ ಮಾಡಿ ತಂಗಿಗೆ ಒಪ್ಪಿಸುತ್ತಿದ್ದ. ತಾನು ಆ ದಿನ ಬಾಗಿಲು ತೆಗೆಯದೆ ಇದ್ದುದರ ಬಗ್ಗೆ ಅವನು ತಂಗಿಗೆ ಒಂದು ಸಲವೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

*

ಅಜ್ಜಿಯ ಮಾತು ತಿಳಿಯುತ್ತಿದ್ದ ಅಪ್ಪನೇ ಸಂಗಮ್ಮನಿಗೆ ಸುದ್ದಿ ಮುಟ್ಟಿಸುತ್ತಿದ್ದಿರಬೇಕು ಅನ್ನಿಸಿ, ಪೂಜಿತಾ ಅಂಗಳದಲ್ಲಿ ದುರುಗೇಶನನ್ನು ಹುಡುಕಿದಳು. ಅವನು ಚಟ್ಟ ಕಟ್ಟುತ್ತಿದ್ದವರಿಗೆ ಹಗ್ಗ ಹಿಡಿದಿದ್ದ.

"ಮಾಮ, ಅಪ್ಪ ಕಂಪ್ಲಿಗೆ ಯಾರಿಗಾದ್ರೂ ಫೋನ್ ಹಚ್ತಿದ್ನೇನು?"

"ಕಂಪ್ಲಿಗೆ?" ದುರುಗೇಶ್ ಹಗ್ಗ ಬಿಟ್ಟ. "ಕಂಪ್ಲಿ ಲೈನ್ ನೋಡಬೇಕಂದ್ರ ಒಂದ ನಂಬರ್ ಕೊಡ್ತಿದ್ದ. ಇದಕ್ಕ ಹಚ್ಚು ಅಂತ. ಏಳೆಂಟು ವರ್ಷಾತು, ನನಗೂ ಬಾಯಿಪಾಠ ಐತಿ. ಒಬ್ಬ ಹೆಣ್ಮಗಳು ಎತ್ತತಾಳ. ನಾವು ಎಕ್ಸ್‌ಚೇಂಜಿಂದ ಅಂದ ಕೂಡ್ಲೇ 'ಲೈನ್ ಸರಿ ಐತ್ರಿ' ಅಂತಾಳ. ಅಷ್ಟ ಗೊತ್ತು. ಯಾಕ?"

"ಅದಕ್ಕ ಹಚ್ಚು ಮಾಮ. ಜಲ್ದಿ."

ಬೇವಿನ ಮರದ ಹಿಂದೆ ಹೋದರು. ದುರುಗೇಶ್ ಮೊಬೈಲಿನಲ್ಲಿ ನಂಬರ್ ಒತ್ತಿದ. ನಾಲ್ಕನೆಯ ರಿಂಗಿಗೆ ಎತ್ತಿದರು.

"ಹೊಸಪೇಟಿ ಎಕ್ಸ್‌ಚೇಂಜ್‌ನಿಂದ್ರಿ," ಎಂದ ಅವನು, ಬೇರೆ ಏನು ಹೇಳಬೇಕೋ ತಿಳಿಯದೆ.

"ಲೈನ್ ಸರಿ ಐತ್ರಿ," ಎಂದಿತು ಆ ದನಿ. ಆಮೇಲೆ ತಡೆದು, "ಇವತ್ತ ಬುಧವಾರಲ್ರಿ? ಪಕ್ಕೀರಣ್ಣ ಇಲ್ಲೇನ್ರಿ?"

ದುರುಗೇಶ್ ಫೋನನ್ನು ಪೂಜಿತಾಳ ಕೈಗೆ ಕೊಟ್ಟು ಮರದ ಕಡೆ ತಿರುಗಿದ.

"ಅತ್ತಿ," ಎಂದಳು ಪೂಜಿತಾ. ಆ ಮಾತನ್ನು ಅವಳು ಈ ವ್ಯಕ್ತಿಗೆ ಎಂದೂ ಆಡಿರಲಿಲ್ಲ. "ನಾನು ಪೂಜಿತಾ. ಪಕ್ಕೀರಪ್ಪನ ಮಗಳು. ಅಪ್ಪ ಇಲ್ಲತ್ತಿ. ನಿನ್ನೆ ಹೋದ. ಊರಿಗೆ ತಂದೀವಿ. ಅಜ್ಜಿ ನಿನ್ನ ಕರೀಯಾಕತ್ತಾಳ."

ಆ ಕಡೆಯಿಂದ ಸೈಕಲ್ ಗಾಲಿಯೊಂದು ತಿರುಗುತ್ತಿರುವ ಸದ್ದು, ಯಾರೋ "ಏನಾತು?" ಎನ್ನುವ ಗಂಡು ದನಿ. ಆಮೇಲೆ, "ಬಾಗ್ಲಾ ತಗೀತಾರೇನವ್ವ?" ಎಂದಳು ಸಂಗಮ್ಮ.

ಪೂಜಿತಾ ಅಂಗಳದ ಕಡೆ ನೋಡಿದಳು. ಜಡೆಪ್ಪ ಭಜನೆಯವರಿಗೆ ಏನೋ ಹೇಳುತ್ತಿದ್ದ.

"ನೀ ಬಾ ಅತ್ತಿ," ಎಂದಳು.

ಗಂಟೆ ಎರಡೂವರೆ. ಕಂಪ್ಲಿಯಿಂದ ಬಸ್ಸು ಹಿಡಿದು ಬರಲು ಒಂದು ಗಂಟೆಗೂ ಹೆಚ್ಚು ಬೇಕು.

ಪೂಜಿತಾ ನೇರವಾಗಿ ಚಿಕ್ಕಪ್ಪ ಜಡೆಪ್ಪನ ಮುಂದೆ ಹೋಗಿ ನಿಂತಳು. "ಸಣ್ಣಪ್ಪ, ಸಂಗಮ್ಮತ್ತಿ ಬರಾಕತ್ತಾಳ. ಆಕಿ ಬರೋತನಕ ತಡೀಬೇಕು."

ಭಜನೆಯ ತಾಳ ಒಂದು ಕ್ಷಣ ತಪ್ಪಿತು.

"ಆಕಿಗೆ ಹೇಳಿದೋರು ಯಾರು?"

"ನಾನು."

"ನಿನಗೇನು ತಿಳೀತೈತಿ ಕೂಸ? ಅಪ್ಪಗ ಮಾತು ಕೊಟ್ಟೀನಿ ನಾನು. ಸಾಯೋನ ಕೈ ಹಿಡಿದು ಕೊಟ್ಟೀನಿ. ಆಕಿ ಈ ಹೊಸ್ತಿಲಾ ದಾಟಂಗಿಲ್ಲ." ಅವನ ದನಿ ಏರಿತು. "ಮೂರಕ್ಕ ಎತ್ತೋದು ಅಂದ್ರ ಎತ್ತೋದು. ಹೆತ್ತವ್ವನ ನನ್ನ ಬ್ಯಾಡ ಅಂದಾಳ. ಎಲ್ಲಾರ ಮುಂದ. ಇನ್ನ ನೀನೂ ಹೇಳು."

"ನಿನಗ ಅಂದಿಲ್ಲ ಸಣ್ಣಪ್ಪ."

"ನನ್ನ ಮಾರಿ ನೋಡಿ ಅಂದಳು. ಆತ ಬ್ಯಾಡ ಅಂತ."

"ಆತ ಬ್ಯಾಡ ಅಲ್ಲ. ಹಾಕಬ್ಯಾಡ." ಪೂಜಿತಾ ನೋಟ್‌ಬುಕ್ಕಿನ ಹಾಳೆಯನ್ನು ಅವನ ಮುಂದೆ ಹಿಡಿದಳು. "ಅಜ್ಜಿಗೆ ಕ ಬರಂಗಿಲ್ಲ. ತ ಆಗತೈತಿ. ಕೋಳಿಗೆ ತೋಳಿ ಅಂತಾಳ, ನಿನಗ ಗೊತ್ತಿಲ್ಲೇನು? ಬೆಳಿಗ್ಗಿಂದ ನಾಕ ಮಾತು ಹೇಳಾಕತ್ತಾಳ. ಸಂಗಿ, ಕಂಪ್ಲಿ, ಬಾಗ್ಲಾ ಹಾಕಬ್ಯಾಡ. ನಿನ್ನ ನೋಡಿ ಯಾಕಂದ್ಲು ಅಂದ್ರ, ಹಿಂದ ಬಾಗ್ಲಾ ಹಾಕಿದೋನು ನೀನು."

ಜಡೆಪ್ಪ ಹಾಳೆಯನ್ನು ತೆಗೆದುಕೊಂಡ. ಓದಿದ. ಬೆರಳು ಒಂದು ಗೆರೆಯ ಮೇಲೆ ಹೋಗಿ ನಿಂತಿತು. ಮೂರು ವರ್ಷ ಅವನು ಇದೇ ಮನೆಯಲ್ಲಿ ಅವ್ವನ ಜೊತೆ ಇದ್ದ. ಅವಳಿಗೆ ಮಾತ್ರೆ ತಂದಿದ್ದ, ತಳ್ಳುವ ಕುರ್ಚಿ ತಂದಿದ್ದ, ಗಾದಿ ಹೊಲಿಸಿದ್ದ. ಅವಳು ಬಾಯಿ ತೆರೆದಾಗಲೆಲ್ಲ "ಆತು ಆತು, ಕುಂದ್ರಬೇ" ಎಂದು ಹೊರಟುಬಿಡುತ್ತಿದ್ದ.

ಅವನು ಒಳಗೆ ಹೋಗಿ ಅವ್ವನ ಮುಂದೆ ಮಂಡಿಯೂರಿದ.

"ನನಗ ಅಂದಿದ್ದಲ್ಲೇನಬೇ?"

ಸುಂಕಲಮ್ಮ ಮಗನ ತಲೆಯ ಮೇಲೆ ಎಡಗೈ ಇಟ್ಟಳು. ಐವತ್ತು ವರ್ಷದ ಮಗನ ನರೆತ ಕೂದಲೊಳಗೆ ಬೆರಳು ಆಡಿಸಿದಳು.

"ತೂಸ," ಎಂದಳು. "ನನ್ನ ತೂಸ."

ಪೂಜಿತಾ ಹೇಳಲೆಂದು ಬಾಯಿ ತೆರೆದಳು. ಹೇಳುವ ಅಗತ್ಯ ಬೀಳಲಿಲ್ಲ. ಜಡೆಪ್ಪ ಅವ್ವನ ಮಡಿಲಿನ ಆ ಸತ್ತ ಕೈಯೊಳಗೆ ಮುಖ ಹುದುಗಿಸಿ, ಬೆಳಗಿನಿಂದ ಅಳದೆ ಇದ್ದವನು, ಅಳತೊಡಗಿದ್ದ.

ಎದ್ದಾಗ ಅವನು ಯಾರನ್ನೂ ನೋಡಲಿಲ್ಲ. "ನಾಕೂವರಿ," ಎಂದ ಹಲಗಿಯವರಿಗೆ. "ಹೊತ್ತು ಮುಳುಗೂದರೊಳಗ ಆಗತೈತಿ. ಕುಂದ್ರಿ. ಚಾ ಕುಡೀರಿ."

ಸಂಗಮ್ಮ ಬಂದಾಗ ನಾಲ್ಕು ದಾಟಿತ್ತು. ಮುರುಗೇಶ್ ಅವಳನ್ನು ಬೀದಿಯ ತಿರುವಿನವರೆಗೆ ಕರೆತಂದು ಅಲ್ಲಿಯೇ ನಿಂತ. ಅವಳು ಒಬ್ಬಳೇ ಅಂಗಳಕ್ಕೆ ಬಂದು, ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಹಿಂದೆ ಕಾಲು ಕಿತ್ತಿಡಲಾರದೆ ನಿಂತಳು. ಆಗ ಕಂಬಕ್ಕೆ ಆತು ಕೂತಿದ್ದ ನೀಲಗಂಗಮ್ಮ ಎದ್ದಳು. ಗಂಡನಿಗೊಬ್ಬ ತಂಗಿ ಇದ್ದಾಳೆಂದು ಅವಳಿಗೆ ಗೊತ್ತಿತ್ತು. ಅವನು ಎಂಟು ವರ್ಷ ಅವಳ ಜೊತೆ ಮಾತಾಡುತ್ತಿದ್ದನೆಂದು ಗೊತ್ತಾಗಿ ಅರ್ಧ ತಾಸಾಗಿತ್ತು. ಬರಿಗಾಲಿನಲ್ಲಿ ಅಂಗಳಕ್ಕೆ ಇಳಿದು ಸಂಗಮ್ಮನ ರಟ್ಟೆ ಹಿಡಿದಳು.

"ನನಗೂ ಹೇಳಲಿಲ್ಲ ನೋಡವ್ವ ನಿಮ್ಮಣ್ಣ," ಎಂದಳು. "ಬಾ. ಒಳಗ ಬಾ."

ಸಂಗಮ್ಮ ಅಣ್ಣನ ಕಾಲಿನ ಮೇಲೆ ಬಿದ್ದಳು. ವಿಭೂತಿ ಬಳಿದ ಆ ಪಾದಗಳ ಉಗುರಿನ ಸಂದಿಯಲ್ಲಿ, ಎಷ್ಟು ತೊಳೆದರೂ ಹೋಗದ ಕೆಂಪು ಉಳಿದಿತ್ತು. ಆಮೇಲೆ ಅವ್ವನ ಕಡೆ ತೆವಳಿದಳು. ಸುಂಕಲಮ್ಮ ಮಗಳ ಗಲ್ಲ, ಕಿವಿ, ಕೊರಳು ಮುಟ್ಟಿ ಮುಟ್ಟಿ ನೋಡುತ್ತ ಒಂದೇ ಸಮನೆ ಏನೇನೋ ಆಡತೊಡಗಿದಳು. ಇಪ್ಪತ್ತೆರಡು ವರ್ಷದ್ದು ಇತ್ತೋ ಏನೋ, ನಿಲ್ಲಲೇ ಇಲ್ಲ.

"ತಿಳೀವಲ್ತು," ಎಂದು ಸಂಗಮ್ಮ ಸುತ್ತ ನೋಡಿದಳು. "ನನಗ ಅವ್ವನ ಮಾತು ತಿಳಿಯಂಗಿಲ್ಲ. ಅಣ್ಣ ಹೇಳ್ತಿದ್ದ. ಯವ್ವಾ, ಅಣ್ಣ ಹೇಳ್ತಿದ್ನಲ್ಲೇ..."

ಪೂಜಿತಾ ಇಬ್ಬರ ನಡುವೆ ಕೂತಳು. ಅಜ್ಜಿಯನ್ನು ಪೂರ್ತಿ ಆಡಲು ಬಿಟ್ಟಳು. ನಡುವೆ ಎರಡು ಸಲ ಏನೋ ಹೊಳೆದಂತಾದರೂ ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಕೂದಲು ಎಷ್ಟು ಉದುರ್ಯಾವ ಅಂತಾಳ. ನಿನ್ನ ಗಂಡ ಎಲ್ಲದಾನ, ಬಿಸಿಲಾಗ ಯಾಕ ನಿಲ್ಲಿಸಿ ಬಂದಿ, ಒಳಗ ಕರಿ ಅಂತಾಳ." ಅವಳು ಅಪ್ಪನ ಕಡೆ ತಿರುಗಿ ನೋಡಿದಳು. "ಅಪ್ಪಗ ಎಬ್ಬಿಸು ಅಂತಾಳ. ಸಂಗಿ ಬಂದಾಳ, ಎಬ್ಬಿಸು ಅಂತಾಳ."

ನಾಲ್ಕೂವರೆಗೆ ಎತ್ತಿದರು. ಗದ್ದೆಯ ಬದುವಿನ ಮೇಲೆ ಹಲಗಿ ಮುಂದೆ, ಭಜನೆ ಹಿಂದೆ, ದಾರಿಯುದ್ದಕ್ಕೂ ಮಂಡಕ್ಕಿ ಚೆಲ್ಲುತ್ತ ಹೋದರು. ಜಡೆಪ್ಪ ಮುಂದಿನ ಹೆಗಲು ಕೊಟ್ಟಿದ್ದ. ಹಿಂದಿನ ಒಂದು ಹೆಗಲು ದುರುಗೇಶನದು, ಇನ್ನೊಂದು ಮುರುಗೇಶನದು. ಅವನನ್ನು ಯಾರು ಕರೆದರೆಂದು ಯಾರಿಗೂ ತಿಳಿಯಲಿಲ್ಲ. ಬಾಳೆ ತೋಟದ ಅಂಚಿನಲ್ಲಿ, ಅಜ್ಜನ ಗದ್ದುಗೆಯ ಪಕ್ಕದಲ್ಲಿ ಕುಣಿ ತೋಡಿದ್ದರು. ಇಳಿಸಿದ ಮೇಲೆ ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಪೂಜಿತಾ ಮೂರು ಹಿಡಿ ಕೊಟ್ಟಳು. ನಾಲ್ಕನೆಯದು ಕೈಯಲ್ಲೇ ಉಳಿಯಿತು. ಕೇಳಬೇಕಾದ್ದು ಬಹಳ ಇತ್ತು. ಯಾಕಪ್ಪಾ ನನಗೂ ಹೇಳಲಿಲ್ಲ, ಎನ್ನುವುದು ಮೊದಲನೆಯದು.

ಮಣ್ಣು ಮಾಡಿ ಬಂದವರಿಗೆ ಕಾಲು ತೊಳೆಯಲು ಬಾಗಿಲ ಮುಂದೆ ನೀರಿನ ಹಂಡೆ ಇಟ್ಟಿದ್ದರು. ಮನೆಯವರೇ ನೀರು ಹಾಕುವುದು ವಾಡಿಕೆ. ಜಡೆಪ್ಪ ಚೊಂಬು ಹಿಡಿದು ನಿಂತಿದ್ದ. ಒಬ್ಬೊಬ್ಬರೂ ಕಾಲು ನೀಡಿ, ತೊಳೆದುಕೊಂಡು, ಒಳಗೆ ಹೋಗಿ ಪಕ್ಕೀರಪ್ಪ ಕೂತಿದ್ದ ಜಾಗದ ದೀಪ ನೋಡಿ ಹೊರಬೀಳುತ್ತಿದ್ದರು. ಬಾಳೆಯ ಹಿಂದೆ ಹೊತ್ತು ಇಳಿದಿತ್ತು.

ಕಡೆಗೆ ಉಳಿದವಳು ಸಂಗಮ್ಮ. ಸೀರೆಯ ನೆರಿಗೆ ಎತ್ತಿ ಹಿಡಿದು, ಕುಣಿಯ ಹಸಿಮಣ್ಣು ಮೆತ್ತಿದ ಪಾದಗಳನ್ನು ಕಲ್ಲಿನ ಮೇಲಿಟ್ಟಳು. ಜಡೆಪ್ಪ ಅವಳ ಮುಖ ನೋಡಲಿಲ್ಲ. ನೀರು ಹಾಕಿದ. ಚೊಂಬು ಖಾಲಿಯಾಯಿತು, ಮಣ್ಣು ಇನ್ನೂ ಹೋಗಿರಲಿಲ್ಲ. ಅವನು ಹಂಡೆಗೆ ಬಾಗಿ ಇನ್ನೊಂದು ಚೊಂಬು ಮೊಗೆದ. ಈ ಸಲ ಬಾಗಿದವನು ನೆಟ್ಟಗೆ ನಿಲ್ಲಲಿಲ್ಲ. ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಿಂದ ನೀರು ಸುರಿಯುತ್ತ ಇನ್ನೊಂದು ಕೈಯಿಂದ ತಂಗಿಯ ಹಿಮ್ಮಡಿಯ ಮಣ್ಣನ್ನು ಉಜ್ಜತೊಡಗಿದ.